ತಾನಾಗಿ ಮುಚ್ಚಬೇಕಾದ ಬಾಗಿಲು

ಬಹುಮಹಡಿ ಕಟ್ಟಡದ ಮೆಟ್ಟಿಲ ಬಳಿ ಇರುವ ಉಕ್ಕಿನ ಬಾಗಿಲನ್ನು ನೀವು ಎಂದಾದರೂ ಗಮನಿಸಿದ್ದೀರಾ? ತಳ್ಳಲು ತುಸು ಭಾರ. ಕೈಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಓಡಾಟಕ್ಕೆ ಅಡ್ಡಿಯೆಂದು ಅದಕ್ಕೆ ಇಟ್ಟಿಗೆಯ ಒತ್ತು ಕೊಟ್ಟಿರುವುದೂ ಉಂಟು. ಆ ಇಟ್ಟಿಗೆ ಎಷ್ಟು ದುಬಾರಿಯಾದೀತು?

2022ರ ಜನವರಿ 9ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ, 19 ಅಂತಸ್ತಿನ ವಸತಿ ಕಟ್ಟಡದ ಮನೆಯೊಂದರಲ್ಲಿ ಹೀಟರಿನಿಂದ ಬೆಂಕಿ ಹೊತ್ತಿತು. ಬೆಂಕಿ ಹೆಚ್ಚು ದೂರ ಹಬ್ಬಲಿಲ್ಲ. ಆದರೆ ಮನೆಯವರು ಹೊರಗೋಡಿದ ಮೇಲೆ ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿಲ್ಲ. ಹೊಗೆ ಮೆಟ್ಟಿಲುಗಳನ್ನು ಹಿಡಿದು ಮೇಲೇರಿತು. ಸತ್ತವರು 17 ಮಂದಿ. ಅವರಲ್ಲಿ 8 ಮಕ್ಕಳು. ಎಲ್ಲರನ್ನೂ ಕೊಂದದ್ದು ಹೊಗೆಯೇ. ಬೆಂಗಳೂರಿಗರಿಗೂ ಹೊಗೆಯ ಕ್ರೌರ್ಯ ಗೊತ್ತು. 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ತಾಳಲಾರದೆ ಕೆಲವರು ಮೇಲಿನಿಂದ ಜಿಗಿದಿದ್ದರು.

ಈ ಬಾಗಿಲಲ್ಲಿ ಅಂಥದ್ದೇನಿದೆ? ಎರಡು ಉಕ್ಕಿನ ತಗಡುಗಳ ನಡುವೆ ಶಾಖ ತಡೆಯುವ ವಸ್ತು ತುಂಬಿರುತ್ತಾರೆ. ಅಂಚಿನಲ್ಲಿ ಒಂದು ಪಟ್ಟಿ. ಬಿಸಿ ತಾಗಿದೊಡನೆ ಅದು ಉಬ್ಬಿ ಸಂದನ್ನು ಮುಚ್ಚುತ್ತದೆ. ಬಾಗಿಲಿನ ಬಲವನ್ನು ಅಳೆಯುವುದು ನಿಮಿಷಗಳಲ್ಲಿ. 120 ನಿಮಿಷದ ಬಾಗಿಲೆಂದರೆ, ಎರಡು ಗಂಟೆಗಳಲ್ಲಿ 1,000 ಡಿಗ್ರಿ ಸೆಲ್ಸಿಯಸ್ ದಾಟುವ ಕುಲುಮೆಯ ಪರೀಕ್ಷೆಯಲ್ಲಿ ಅಷ್ಟು ಹೊತ್ತು ತಡೆದು ನಿಂತದ್ದು.

ಆದರೆ ಒಳ್ಳೆಯ ಬಾಗಿಲು ತಂದರೆ ಮಾತ್ರ ಸಾಲದು, ಕೂರಿಸುವ ಕೈ ಸರಿಯಿರಬೇಕು. ಮೊದಲು ಗೋಡೆಯ ತೆರಪನ್ನು ಅಳೆದು, ಚೌಕಟ್ಟನ್ನು ರಸಮಟ್ಟ, ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸುತ್ತಾರೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳ ಅಳತೆ ಒಂದೇ ಇರಬೇಕು. (ಶಾಲೆಯ ರೇಖಾಗಣಿತ ಇಲ್ಲಿ ಕೆಲಸಕ್ಕೆ ಬಂತು!) ಆಮೇಲೆ ಬೋಲ್ಟುಗಳಿಂದ ಗೋಡೆಗೆ ಬಿಗಿದು, ಚೌಕಟ್ಟಿನ ಹಿಂದಿನ ಪೊಳ್ಳಿಗೆ ಸಿಮೆಂಟ್ ಗಾರೆ ತುಂಬುತ್ತಾರೆ. ಪೊಳ್ಳು ಉಳಿದರೆ ಹೊಗೆಗೆ ಅದೇ ದಾರಿ. ಗಾರೆ ಗಟ್ಟಿಯಾದ ಮೇಲೆ ಇಬ್ಬರು ಮೂವರು ಸೇರಿ ಭಾರದ ಬಾಗಿಲನ್ನೆತ್ತಿ ಹಿಂಜುಗಳಿಗೆ ಕೂರಿಸುತ್ತಾರೆ. ಸುತ್ತಲೂ ಸಂದು ಸುಮಾರು 3 ಮಿಲಿಮೀಟರ್ ಇದ್ದರೆ ಸರಿ. ಹೆಚ್ಚಾದರೆ ಹೊಗೆ ನುಸುಳುತ್ತದೆ, ಕಡಿಮೆಯಾದರೆ ಬಾಗಿಲು ಉಜ್ಜಿ ಅರ್ಧದಲ್ಲೇ ನಿಲ್ಲುತ್ತದೆ.

ಕೊನೆಯದು ಡೋರ್ ಕ್ಲೋಸರ್ ಮತ್ತು ಪ್ಯಾನಿಕ್ ಬಾರ್. ಈ ಅಡ್ಡಪಟ್ಟಿಯನ್ನು ಮೈಯಿಂದ ಒತ್ತಿದರೂ ಸಾಕು, ಬಾಗಿಲು ಹೊರಕ್ಕೆ ತೆರೆಯುತ್ತದೆ. ಇದರ ಹಿಂದೆಯೂ ಒಂದು ದುಃಖದ ಕಥೆಯಿದೆ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೋಕ್ವಾ ನಾಟಕಮಂದಿರಕ್ಕೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಮಂದಿ ಸತ್ತರು. ರಜೆಯ ಆಟಕ್ಕೆ ಬಂದಿದ್ದ ತಾಯಂದಿರು, ಮಕ್ಕಳೇ ಅವರಲ್ಲಿ ಬಹಳ. ಹಲವು ಬಾಗಿಲುಗಳಿಗೆ ಬೀಗವಿತ್ತು. ಕೆಲವದರ ಅಗುಳಿ ತೆಗೆಯುವ ಬಗೆ ಯಾರಿಗೂ ತಿಳಿಯಲಿಲ್ಲ. ಆ ದುರಂತವೇ ಪ್ಯಾನಿಕ್ ಬಾರ್‌ಗೆ ಪ್ರೇರಣೆಯಾಯಿತು.

ತಂದೆತಾಯಿಯರೇ, ಮಗುವನ್ನು ಹಾಸ್ಟೆಲಿಗೋ ಟ್ಯೂಷನ್ ಕೇಂದ್ರಕ್ಕೋ ಸೇರಿಸುವ ಮುನ್ನ ಶುಲ್ಕದ ಜೊತೆಗೆ ಇದನ್ನೂ ವಿಚಾರಿಸಿ. ಮೆಟ್ಟಿಲ ಬಾಗಿಲನ್ನು ಅರ್ಧ ತೆರೆದು ಕೈಬಿಡಿ. ಯಾರೂ ತಳ್ಳದೆ ಅದು ಪೂರ್ತಿ ಮುಚ್ಚಿ ಚಿಲಕ ಬೀಳಬೇಕು. ಒಳಗಿನಿಂದ ಬೀಗದಕೈಯಿಲ್ಲದೆ ತೆರೆಯಬೇಕು. ವಿದ್ಯಾರ್ಥಿಗಳೇ, ಒತ್ತುಕೊಟ್ಟ ಇಟ್ಟಿಗೆ ಕಂಡರೆ ತೆಗೆದುಹಾಕಿ. ಅರ್ಧ ನಿಮಿಷದ ಕೆಲಸ, ಅಷ್ಟೇ!