ಹಲಗೆಯ ಮೇಲೊಂದು ರೈಲುದಾರಿ

ಪುಟ್ಟ ರೈಲನ್ನು ಕಟ್ಟಿ ಓಡಿಸುವುದು ಸಿರಿವಂತರ ವಿನೋದವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿಶಾಲ ಕೋಣೆ, ಪರದೇಶದ ಯಂತ್ರ, ನುರಿತ ಕೈ ಇಲ್ಲವೆಂದು ಅನೇಕರು ಹಿಂಜರಿಯುತ್ತಾರೆ. ವಾಸ್ತವವಾಗಿ ಒಂದು ಹಲಗೆ, ಒಂದು ಅಳತೆಪಟ್ಟಿ, ಒಂದಿಷ್ಟು ರಟ್ಟು ಇದ್ದರೆ ಈ ಕಾರ್ಯಕ್ಕೆ ನಾಂದಿ ಹಾಡಬಹುದು.

ಮಾದರಿಯನ್ನು ಅರಸಿ ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ನಿಲ್ದಾಣಗಳು ಬೆಂಗಳೂರು–ಮೈಸೂರು ದಾರಿಯಲ್ಲಿವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳು ಮೈಸೂರು–ಹಾಸನ ದಾರಿಯಲ್ಲಿವೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರವು 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ನೇರಮಾರ್ಗಕ್ಕೆ ಸೇರಿದೆ. ಹಳಿಗೆ ಇಳಿಯದೆ, ಪ್ಲಾಟ್‌ಫಾರಂ ಮೇಲೆಯೇ ಹೆಜ್ಜೆ ಎಣಿಸಿ ಇವುಗಳಲ್ಲೊಂದರ ನಕ್ಷೆ ಬರೆದುಕೊಳ್ಳುವುದೇ ಮೊದಲ ಪಾಠ.

ಎರಡನೆಯದು ಪ್ರಮಾಣ. ನೂರಕ್ಕೆ ಒಂದರಂತೆ ಮಾಡಿದರೆ ಮೀಟರು ಸೆಂಟಿಮೀಟರಾಗುತ್ತದೆ. ಲೆಕ್ಕ ಬಲು ಸುಲಭ. 1,676 ಮಿಲಿಮೀಟರಿನ ನಮ್ಮ ಬ್ರಾಡ್‌ಗೇಜ್ 16.76 ಮಿಲಿಮೀಟರಾಗುತ್ತದೆ. ಅಂಗಡಿಯಲ್ಲಿ ಎಚ್‌ಓ ಎಂಬ ಹೆಸರಿನಿಂದ ದೊರೆಯುವ ಹಳಿಯ ಅಗಲ 16.5 ಮಿಲಿಮೀಟರಾದುದರಿಂದ ಅದೇ ಸಾಕು.

ಇನ್ನು ಸ್ಥಳದ ಮಾತು. ಇಂತಹ ಹಳಿಯನ್ನು ವೃತ್ತಾಕಾರವಾಗಿ ಹಾಸಲು ಸುಮಾರು 80 ಸೆಂಟಿಮೀಟರ್ ಅಗಲ ಬೇಕು. ಆದುದರಿಂದ ವೃತ್ತವನ್ನು ಕೈಬಿಟ್ಟು, ಕಿರಿದಾದ ಹಲಗೆಯ ಮೇಲೆ ಶಂಟಿಂಗ್ ಯಾರ್ಡನ್ನು ರಚಿಸುವುದು ಲೇಸು. ಇಂಗ್ಲೆಂಡಿನ ಆಲನ್ ರೈಟ್ ಅವರ ‘ಇಂಗಲ್‌ನುಕ್’ ಯೋಜನೆಯಲ್ಲಿ ಎರಡೇ ಪಾಯಿಂಟುಗಳು, 5, 3, 3 ವ್ಯಾಗನ್ ಹಿಡಿಯುವ ಮೂರು ಹಳಿಗಳು, ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ, ಬಂದ ಕ್ರಮದಲ್ಲಿಯೇ ಐದನ್ನು ಜೋಡಿಸಬೇಕು. ಹೀಗೆ 6,720 ಬಗೆಯ ರೈಲುಗಳು ಸಾಧ್ಯ! ಗಣಿತದ ಉಪಾಧ್ಯಾಯರಿಗೂ ಇದು ಒಳ್ಳೆಯ ಸಾಧನ.

ಹಣ, ಕೌಶಲಗಳು ಸಾಲದಿದ್ದರೆ ಆರಂಭದಲ್ಲಿ ರಟ್ಟಿನ ವ್ಯಾಗನ್‌ಗಳನ್ನು ಕೈಯಿಂದಲೇ ನೂಕಬಹುದು. ಮುಂದೆ ಒಂದು ಎಂಜಿನ್ ಕೊಳ್ಳಬಹುದು. ಅದು 12 ವೋಲ್ಟಿನ ಏಕಮುಖ ವಿದ್ಯುತ್ತನ್ನು ಎರಡು ಹಳಿಗಳಿಂದ ಪಡೆಯುತ್ತದೆ. ಧನ–ಋಣಗಳನ್ನು ಅದಲುಬದಲು ಮಾಡಿದರೆ ಹಿಮ್ಮುಖವಾಗಿ ಚಲಿಸುತ್ತದೆ. ಮನೆಯ ವಿದ್ಯುತ್ತನ್ನು ಹಳಿಗೆ ನೇರವಾಗಿ ಎಂದಿಗೂ ಕೊಡಕೂಡದು. ತಕ್ಕ ನಿಯಂತ್ರಕವನ್ನೇ ಬಳಸಬೇಕು.

ಇದು ಕೇವಲ ಆಟವಲ್ಲ. 1881–82ರಲ್ಲಿ ಮೈಸೂರಿನವರೆಗೆ ಹಾಸಿದ ಮೀಟರ್‌ಗೇಜ್ 1990ರ ದಶಕದಲ್ಲಿ ಮರೆಯಾಯಿತು. ಜೋಡಿಹಳಿಗೆ ಎಡೆಮಾಡಿಕೊಡಲು ಶ್ರೀರಂಗಪಟ್ಟಣದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನೇ 2017ರಲ್ಲಿ ಇಡಿಯಾಗಿ ಸರಿಸಲಾಯಿತು. ಹಳೆಯ ನಿಲ್ದಾಣಗಳ ರೂಪ ಇಂದು ಉಳಿದಿರುವುದು ಬಹುಮಟ್ಟಿಗೆ ಹಿರಿಯರ ನೆನಪಿನಲ್ಲಿ. ಆ ರೈಲಿನಲ್ಲಿ ಓಡಾಡಿದ ಹಳೆಯ ವಿದ್ಯಾರ್ಥಿಗಳು ತಮ್ಮ ಬಳಿಯ ಭಾವಚಿತ್ರಗಳನ್ನೂ ವಿವರಗಳನ್ನೂ ಒದಗಿಸಿದರೆ, ದಾನಿಗಳು ಒಂದು ಹಲಗೆ, ನಾಲ್ಕು ಉಪಕರಣಗಳನ್ನು ಕೊಡಿಸಿದರೆ, ಮಕ್ಕಳ ಕೈಗಳು ಆ ದಾರಿಯನ್ನು ಮತ್ತೆ ಹಾಸಬಲ್ಲವು.