ಮದ್ದು ಮನೆಗೆ ಬಂದ ಮೇಲೆ ಮಡದಿಯೇಕೆ ತವರಿಗೆ?

ಹೀಗೊಂದು ಸಂಸಾರವನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಕೃಷ್ಣರಾಜಪೇಟೆಯಲ್ಲಿ ಗಂಡನ ಮನೆ. ನಾಗಮಂಗಲದ ಕಡೆಯಿಂದ ಬಂದ ಸೊಸೆ. ಮದುವೆಯಾಗಿ ಎರಡು ವರ್ಷ. ಹೆಣ್ಣಿಗೆ ಮೂರು ವಾರಗಳಿಂದ ಬಿಡದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ, ಮೈ ಇಳಿಯುತ್ತಿದೆ. ಕಷಾಯವಾಯಿತು, ಅಂಗಡಿಯ ಕೆಮ್ಮಿನ ಔಷಧವೂ ಆಯಿತು. ಕೊನೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಫವನ್ನು ಪರೀಕ್ಷಿಸಿ ಕ್ಷಯವೆಂದರು. ಮಾತ್ರೆಗಳನ್ನು ಕೈಗಿತ್ತು ಕಳುಹಿಸಿದರು. ಅಂದು ರಾತ್ರಿ ಅತ್ತೆ ಮಗನನ್ನು ಹಿತ್ತಿಲಿಗೆ ಕರೆದು, “ಸ್ವಲ್ಪ ದಿನ ತವರಲ್ಲಿದ್ದು ವಾಸಿ ಮಾಡಿಕೊಂಡು ಬರಲಿ ಬಿಡಪ್ಪ. ನಿನಗೂ ಅಂಟಿಕೊಂಡರೆ ಈ ಮನೆಗೆ ದಿಕ್ಕು ಯಾರು?” ಎನ್ನುತ್ತಾರೆ. ಮಗ ಮರುಮಾತಾಡುವುದಿಲ್ಲ. ಒಳಕೋಣೆಯಲ್ಲಿ ಸೊಸೆ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ: ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹೆಣ್ಣು ಕೊಟ್ಟು ತರುವ ನೆರೆಹೊರೆಗಳು. ತವರೆಂದರೆ ಬಸ್ಸಿನಲ್ಲಿ ಒಂದೆರಡು ಗಂಟೆಯ ಹಾದಿ. ಆದಕಾರಣ ಕಳುಹಿಸುವುದು ಬಲು ಸುಲಭ. ಹಿಂದಿರುಗುವ ಹಾದಿಯೂ ಅಷ್ಟೇ ಉದ್ದವಾದರೂ, ಅದು ಅಷ್ಟೇ ಸುಲಭವೆಂದು ಹೇಳುವಂತಿಲ್ಲ.

ಅತ್ತೆಯ ಭಯವನ್ನು ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ. ಆ ಭಯಕ್ಕೆ ಕಾರಣವಿತ್ತು. ಕ್ಷಯವು ಅರಮನೆಯನ್ನೂ ಬಿಟ್ಟ ರೋಗವಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರನ್ನೂ ಅವರ ಹೆಣ್ಣುಮಕ್ಕಳನ್ನೂ ಅದು ಕೊಂಡೊಯ್ದಿತು. ಮೈಸೂರಿನ ಕ್ಷಯ ಆಸ್ಪತ್ರೆಗೆ ಆ ರಾಜಕುಮಾರಿಯ ಹೆಸರೇ ಉಳಿದುಬಂದಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಹೊರಬಂದದ್ದು 1942ರಲ್ಲಿ. ಕನ್ನಡಿಗರು ತಮ್ಮ ದಾಂಪತ್ಯದ ಒಲವನ್ನು ಆ ಹಾಡುಗಳಲ್ಲಿ ಗುರುತಿಸಿಕೊಳ್ಳುತ್ತಿದ್ದ ಆ ವರ್ಷ, ಕ್ಷಯ ತಗುಲಿದ ಮಡದಿಗೆ ಕೊಡಲು ಲೋಕದಲ್ಲಿ ಎಲ್ಲಿಯೂ ಮದ್ದಿರಲಿಲ್ಲ! ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಐಸೋನಿಯಾಜಿಡ್ ಬಳಕೆಗೆ ಬಂದದ್ದು 1952ರಲ್ಲಿ. ಅದಕ್ಕೆ ಮುನ್ನ ವಿಶ್ರಾಂತಿ, ಪುಷ್ಟಿಯ ಆಹಾರ, ಶುದ್ಧ ಹವೆ, ಊರಾಚೆಯ ಆರೋಗ್ಯಧಾಮ, ಇವಿಷ್ಟೇ ಗತಿ. ರೋಗಿಯನ್ನು ದೂರವಿಡುವುದೊಂದೇ ಮನೆಯವರ ರಕ್ಷೆಯಾಗಿದ್ದ ಕಾಲವದು.

ಆ ಕಾಲ ಮುಗಿದದ್ದು ನಮಗೆ ದೂರವಲ್ಲದ ಮದರಾಸಿನಲ್ಲಿ. 1956ರಲ್ಲಿ ಅಲ್ಲೊಂದು ಪ್ರಯೋಗ ಆರಂಭವಾಯಿತು. ಇಕ್ಕಟ್ಟಾದ ಮನೆಗಳಲ್ಲಿ ವಾಸಿಸುತ್ತಿದ್ದ ಬಡ ರೋಗಿಗಳು 193 ಮಂದಿ. ಅವರಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿ ಒಂದು ವರ್ಷ ಇರಿಸಿ ಔಷಧ ಕೊಟ್ಟರು. ಉಳಿದವರಿಗೆ ಅದೇ ಔಷಧವನ್ನು ಕೊಟ್ಟು ಮನೆಯಲ್ಲೇ ಇರಗೊಟ್ಟರು. ಹಾಲು ಮೊಟ್ಟೆ, ವಿಶ್ರಾಂತಿ ಎಲ್ಲದರಲ್ಲಿಯೂ ಆರೋಗ್ಯಧಾಮದವರೇ ಮೇಲು. ಆದರೂ 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಎರಡು ಗುಂಪುಗಳೂ ಹೆಚ್ಚುಕಡಿಮೆ ಸಮನಾಗಿ ಗುಣಹೊಂದಿದ್ದವು. ನಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದು ಇನ್ನೊಂದು ಸಂಗತಿ. ಮನೆಯಲ್ಲಿದ್ದ ರೋಗಿಗಳ ಬಳಗವನ್ನು ಐದು ವರ್ಷ ಗಮನಿಸಿ ನೋಡಿದರು. ಆರೋಗ್ಯಧಾಮಕ್ಕೆ ಹೋದವರ ಬಳಗಕ್ಕಿಂತ ಅವರಲ್ಲಿ ರೋಗ ಹೆಚ್ಚಾಗಿ ಕಾಣಿಸಲಿಲ್ಲ! ಒಂದೇ ಸೂರಿನಡಿ ಉಂಡು ಮಲಗಿದ್ದರೂ ಹೀಗೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯ ಸಂಸ್ಥೆಯು ಇಡೀ ದೇಶಕ್ಕೆ ರೂಪಿಸಿಕೊಟ್ಟದ್ದು ಮನೆಯಲ್ಲೇ ಮದ್ದು ಕೊಡುವ ಕ್ರಮವನ್ನು.

ಇದರ ಗುಟ್ಟು ಸರಳವಾಗಿದೆ. ಕ್ಷಯದ ರೋಗಾಣು ತಟ್ಟೆ ಲೋಟಗಳಿಂದ ಬರುವುದಿಲ್ಲ, ಬಟ್ಟೆಯಿಂದ ಬರುವುದಿಲ್ಲ, ಕೈ ಹಿಡಿದರೆ ಬರುವುದಿಲ್ಲ, ಮುತ್ತಿನಿಂದಲೂ ಬರುವುದಿಲ್ಲ. ಶ್ವಾಸಕೋಶದ ರೋಗಿ ಕೆಮ್ಮಿದಾಗ ಗಾಳಿಯಲ್ಲಿ ತೇಲುವ ಕಣಗಳನ್ನು, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ಉಸಿರಾಡಿದವರಿಗೆ ಅದು ತಗುಲುತ್ತದೆ. ಸರಿಯಾದ ಮದ್ದು ಹೊಟ್ಟೆ ಸೇರಿದೊಡನೆ ಹರಡುವ ಶಕ್ತಿ ಕುಗ್ಗತೊಡಗುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಈಗ ಲೆಕ್ಕ ಹಾಕಿ ನೋಡಿ. ನಮ್ಮ ಸೊಸೆ ಕೆಮ್ಮುತ್ತ ಗಂಡನ ಪಕ್ಕದಲ್ಲಿ ಮಲಗಿದ್ದ ಆ ಮೂರು ವಾರಗಳೇ ಅಪಾಯದ ದಿನಗಳು. ಆಗ ಯಾರಿಗೂ ತವರಿನ ನೆನಪಾಗಲಿಲ್ಲ. ಮದ್ದು ಬಂದು ಅಪಾಯ ಇಳಿಯತೊಡಗಿದ ದಿನ ಅವಳ ಪೆಟ್ಟಿಗೆ ಕಟ್ಟಿಸುತ್ತಾರೆ!

ಹಾಗಾದರೆ ಪತಿಪತ್ನಿಯರು ಮಾಡಬೇಕಾದುದೇನು? ಮೊದಲ ಕೆಲವು ವಾರ, ವೈದ್ಯರು ಸಾಕೆನ್ನುವವರೆಗೆ, ಬೇರೆ ಕೋಣೆಯಲ್ಲಿ ಮಲಗುವುದು ಒಳ್ಳೆಯದು. ಕೋಣೆ ಒಂದೇ ಆದರೆ ಕಿಟಕಿ ತೆರೆದಿಟ್ಟು, ಹಾಸಿಗೆಗಳನ್ನು ದೂರ ಹಾಕಿಕೊಂಡು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು. ಮದ್ದಿಗೆ ಬಗ್ಗದ ಜಾತಿಯ ಕ್ಷಯವಾದರೆ ಈ ಅವಧಿ ಬೇರೆ. ಅದನ್ನು ವೈದ್ಯರೇ ನಿಶ್ಚಯಿಸಬೇಕು. ಮನೆಯ ಎಲ್ಲರೂ ಪರೀಕ್ಷೆ ಮಾಡಿಸಿಕೊಂಡು, ರೋಗವಿಲ್ಲವೆಂದು ಖಚಿತವಾದವರು ತಡೆಮದ್ದನ್ನು ಕೇಳಿ ಪಡೆಯಬೇಕು. ಸೋಂಕು ತಗುಲಿದವರಲ್ಲಿಯೂ ನೂರಕ್ಕೆ 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಕಾಣಿಸಿಕೊಳ್ಳುತ್ತದೆ. ಆ ವಾರಗಳು ಕಳೆದ ಮೇಲೆ ದಾಂಪತ್ಯದ ಸಾಮೀಪ್ಯಕ್ಕೆ ಅಡ್ಡಿಯಿಲ್ಲ.

ಸಂಕೋಚದಿಂದ ಯಾರೂ ಕೇಳದ ಒಂದೆರಡು ಮಾತುಗಳಿವೆ. ರಿಫಾಂಪಿಸಿನ್ ಎಂಬ ಮದ್ದು ಸಂತಾನ ನಿಯಂತ್ರಣದ ಗುಳಿಗೆಯ ಬಲವನ್ನು ಕುಂದಿಸುತ್ತದೆ. ಗುಳಿಗೆಯನ್ನೇ ನಂಬಿದ ದಂಪತಿಗಳು ಚಿಕಿತ್ಸೆ ಮುಗಿಯುವವರೆಗೂ, ಆಮೇಲೆ ಒಂದು ತಿಂಗಳೂ, ವೈದ್ಯರನ್ನು ಕೇಳಿ ಬೇರೆ ವಿಧಾನ ಅನುಸರಿಸಬೇಕು. ಅದೇ ಮದ್ದಿನಿಂದ ಮೂತ್ರ ಕೆಂಪು ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ರಕ್ತವೆಂದು ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ಚಿಕಿತ್ಸೆಯ ನಡುವೆ ಗರ್ಭ ನಿಂತರೆ ಗಾಬರಿಯಿಂದ ಮದ್ದು ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿದರೆ ಬಸುರಿಗೆ ಒಗ್ಗುವ ಮದ್ದನ್ನೇ ಮುಂದುವರಿಸುತ್ತಾರೆ. ಎದೆಹಾಲನ್ನೂ ನಿಲ್ಲಿಸಬೇಕಾಗಿಲ್ಲ. ಕೆಲವು ಹೆಂಗಸರಲ್ಲಿ ಕ್ಷಯ ಗರ್ಭಕೋಶದ ನಾಳಗಳಲ್ಲಿ ಸೇರಿಕೊಂಡು ಸದ್ದಿಲ್ಲದೆ ಸಂತಾನಕ್ಕೆ ತಡೆಯಾಗುವುದುಂಟು. ಅಂಥವಳನ್ನು ಬಂಜೆಯೆಂದು ಕರೆಯುವವರಿಗೆ ರೋಗದ ಹೆಸರೇ ತಿಳಿದಿರುವುದಿಲ್ಲ.

ಕಾನೂನಿನ ಮಾತು ಬಂದರೆ, 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠಕ್ಕೆ ವಿಚ್ಛೇದನದ ಕಾರಣಗಳ ನಡುವೆ ಸ್ಥಾನವಿತ್ತು. 2019ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಕ್ಷಯದ ಹೆಸರು ಆ ಪಟ್ಟಿಗೆ ಎಂದೂ ಸೇರಿರಲಿಲ್ಲ. ಹಿತ್ತಿಲಿನ ನ್ಯಾಯಕ್ಕೆ ಕಾಯಿದೆಯ ಪುಸ್ತಕ ಬೇಕಿಲ್ಲವಲ್ಲ!

ತವರಿಗೆ ಹೋದವಳ ಚಿಕಿತ್ಸೆಯ ಗತಿಯನ್ನೂ ನೋಡಬೇಕು. ಮದ್ದು ಆರು ತಿಂಗಳದು: ಮೊದಲ 2 ತಿಂಗಳು ನಾಲ್ಕು ಬಗೆ, ಮುಂದಿನ 4 ತಿಂಗಳು ಮೂರು ಬಗೆ. ಒಂದೆರಡು ತಿಂಗಳಲ್ಲೇ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ. ತವರಿನ ನೆರೆಯವರು ಏನೆಂದಾರೋ ಎಂದು ಮಾತ್ರೆಯನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟವಳು, ವಾಸಿಯಾಯಿತೆಂದುಕೊಂಡು ಅಲ್ಲಿಗೇ ನಿಲ್ಲಿಸುತ್ತಾಳೆ. ಹೀಗೆ ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದಲೇ ಮದ್ದಿಗೆ ಬಗ್ಗದ ಕ್ಷಯ ಹುಟ್ಟುವುದು. ಮನೆಯವರು ನಿಜವಾಗಿ ಅಂಜಬೇಕಾದದ್ದು ಅದಕ್ಕೆ. ಹೋಗಲೇಬೇಕಾದ ಸಂದರ್ಭವಿದ್ದರೆ ಆಸ್ಪತ್ರೆಗೆ ತಿಳಿಸಿ, ತವರೂರಿನ ಆರೋಗ್ಯ ಕೇಂದ್ರಕ್ಕೆ ಹೆಸರು ವರ್ಗಾಯಿಸಿಕೊಳ್ಳಬಹುದು. ಮದ್ದಿಗೆ ಕಾಸಿಲ್ಲ, ಆಹಾರಕ್ಕೆಂದು ಸರ್ಕಾರ 2018ರಿಂದ ಕೊಡುತ್ತಿದ್ದ ತಿಂಗಳ 500 ರೂಪಾಯಿ, 2024ರ ನವೆಂಬರ್‌ನಿಂದ 1000 ಆಗಿದೆ. ಆ ಹಣ ರೋಗಿಯ ತಟ್ಟೆಗೇ ಬೀಳುವಂತೆ ನೋಡಿಕೊಳ್ಳುವುದು ಗಂಡನ ಕೆಲಸ.

ಕೃಷ್ಣರಾಜಪೇಟೆಯ ನಮ್ಮ ಹುಡುಗನಿಗೆ ಇದನ್ನೆಲ್ಲ ಆಸ್ಪತ್ರೆಯಲ್ಲಿ ಯಾರಾದರೂ ತಾಳ್ಮೆಯಿಂದ ಹೇಳಿದ್ದರೆ, ಅಂದು ಹಿತ್ತಿಲಿನಲ್ಲಿ ಅವನು ಸುಮ್ಮನೆ ನಿಲ್ಲುತ್ತಿರಲಿಲ್ಲ. “ಮೂರು ವಾರ ನಾನು ಹಜಾರದಲ್ಲಿ ಮಲಗುತ್ತೇನಮ್ಮ. ಅವಳು ಕೋಣೆಯಲ್ಲಿರಲಿ. ನಾಳೆ ನಾವಿಬ್ಬರೂ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರೋಣ,” ಎನ್ನುತ್ತಿದ್ದ.