ಮುತ್ತಲ ಹೂವಿನ ಬಣ್ಣ, ಜರಡಿಯ ಹಲಗಿ

‘ಅಜ್ಜಿ, ಈ ಸಲ ನಾ ಬಣ್ಣ ಆಡಂಗಿಲ್ಲ’ ಎಂದು ಮೊಮ್ಮಗಳು ಹೇಳಿದಾಗ ಹೋಳಿ ಹುಣ್ಣಿಮೆಗೆ ಇನ್ನೂ ಹತ್ತು ದಿನವಿತ್ತು. ಇದು ಹೋದ ವರ್ಷದ ಮಾತು. ಅವಳಿಗೆ ಆಗ ಒಂಬತ್ತು ವರ್ಷ.

ಯಾಕೆ ಎಂದು ನಾನು ಕೇಳಲಿಲ್ಲ, ಗೊತ್ತಿತ್ತು. ಅದರ ಹಿಂದಿನ ವರ್ಷ ಯಾರೋ ಎರಚಿದ ಪೊಟ್ಟಣದ ಬಣ್ಣ ಅವಳ ಕಣ್ಣಿಗೆ ಬಿದ್ದಿತ್ತು. ಎರಡು ದಿನ ಕಣ್ಣು ಬಿಡಲಾಗದೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ್ದಳು. ಡಾಕ್ಟರು ಕೊಟ್ಟ ಹನಿಗಳಿಂದ ಕಣ್ಣು ನೆಟ್ಟಗಾಯಿತು. ಹೆದರಿಕೆ ಮಾತ್ರ ಹಾಗೇ ಉಳಿಯಿತು. ಆ ಪೊಟ್ಟಣವನ್ನು ನಾನು ತಿರುಗಿಸಿ ಮುರುಗಿಸಿ ನೋಡಿದ್ದೆ. ಒಳಗೆ ಏನಿದೆ ಎಂದು ಹೇಳುವ ಒಂದು ಅಕ್ಷರವೂ ಅದರ ಮೇಲೆ ಇರಲಿಲ್ಲ.

‘ಆಡಬ್ಯಾಡ ಬಿಡವಾ. ಆದ್ರ ಬಣ್ಣ ಮಾಡಲಿಕ್ಕೆ ನನಗ ಕೈ ಹಚ್ಚತೀಯೇನು?’ ಎಂದೆ.

‘ಬಣ್ಣ ಮನ್ಯಾಗ ಮಾಡ್ತಾರೇನಜ್ಜಿ? ಅಂಗಡ್ಯಾಗ ಸಿಗತಾವಲ್ಲ!’

ತಪ್ಪು ಅವಳದಲ್ಲ. ಬಣ್ಣ ಮಾಡುವುದನ್ನು ಅವಳು ನೋಡಿಯೇ ಇರಲಿಲ್ಲ, ತೋರಿಸಬೇಕಾದವರು ನಾವು ತೋರಿಸಿರಲಿಲ್ಲ. ನಮ್ಮ ಕಾಲದಲ್ಲಿ ಹೋಳಿ ಎಂದರೆ ಬಣ್ಣ ಆಡುವ ಒಂದು ಮುಂಜಾನೆಯಷ್ಟೇ ಆಗಿರಲಿಲ್ಲ. ಶಿವರಾತ್ರಿ ಮುಗಿಯುತ್ತಲೇ ಧಾರವಾಡದ ಓಣಿಗಳಲ್ಲಿ ಹಲಗಿಯ ಸದ್ದು ಕೇಳಲು ಶುರುವಾಗುತ್ತಿತ್ತು. ಹುಡುಗರು ಮನೆಮನೆಗೆ ಹೋಗಿ ಕಾಮಣ್ಣನಿಗೆ ಕಟ್ಟಿಗೆ, ಕುಳ್ಳು ಬೇಡುತ್ತಿದ್ದರು. ಕೊಡದಿದ್ದರೆ ಕದಿಯುತ್ತಿದ್ದರು. ನಮ್ಮ ಅಜ್ಜನ ಮುರುಕು ಮಂಚದ ಒಂದು ಕಾಲು ಹಾಗೆಯೇ ಕಾಮಣ್ಣನ ಪಾಲಾಯಿತು. ಕದ್ದವರಲ್ಲಿ ನನ್ನ ಅಣ್ಣನೂ ಇದ್ದ ಎಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. (ಮಕ್ಕಳೇ, ಇದನ್ನು ಕಲಿಯಬೇಡಿ. ಕೇಳಿಯೇ ತನ್ನಿ.)

ಮೊದಲು ಹಲಗಿಯಿಂದಲೇ ಆರಂಭಿಸೋಣ ಎಂದು ಹಟ ಹಿಡಿದವನು ಚಿಕ್ಕವನು, ಆರು ವರ್ಷದ ಮೊಮ್ಮಗ. ನಿಜವಾದ ಹಲಗಿಗೆ ಕಟ್ಟಿಗೆಯ ಸುತ್ತು, ಅದಕ್ಕೆ ಬಿಗಿದ ಚರ್ಮ. ಅದನ್ನು ಮಾಡುವುದು ಪಳಗಿದ ಕೈಗಳ ಕೆಲಸ. ನಮ್ಮದು ಆಟದ ಹಲಗಿ. ಅಟ್ಟದ ಮೇಲೆ ಜಾಲರಿ ಹರಿದ ಹಳೆಯ ಜರಡಿ ಬಿದ್ದಿತ್ತು. ಜಾಲರಿ ಕಿತ್ತು ಹಾಕಿ, ಸುತ್ತಿನ ಕಟ್ಟನ್ನಷ್ಟೇ ಉಳಿಸಿಕೊಂಡೆವು. ಪುಸ್ತಕಕ್ಕೆ ಹೊದಿಕೆ ಹಾಕುವ ಕಂದು ಕಾಗದವನ್ನು ನೀರಿನಲ್ಲಿ ತುಸು ತೋಯಿಸಿ, ಮೈದಾ ಹಿಟ್ಟಿನ ಅಂಟು ಸವರಿ, ಕಟ್ಟಿನ ಮೇಲೆ ಎಳೆದು ಅಂಟಿಸಿದೆವು. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಹಸಿ ಇರುವಾಗ ಕಾಗದ ಜೋತು ಬಿದ್ದಿರುತ್ತದೆ. ‘ಕೆಟ್ಟು ಹೋತು’ ಎಂದು ಚಿಕ್ಕವನು ಅಳಲು ತಯಾರಾದ. ಒಣಗುತ್ತ ಒಣಗುತ್ತ ಕಾಗದ ಕುಗ್ಗಿ ತಾನೇ ಬಿಗಿಯಾಗುತ್ತದೆ. ಮರುದಿನ ಬೆರಳಿನಿಂದ ತಟ್ಟಿದರೆ ‘ಡಬ್’ ಎಂದಿತು. ಆಮೇಲೆ ಐದು ದಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಯಾರೂ ನಿದ್ದೆ ಮಾಡಲಿಲ್ಲ.

ಒಂದು ಎಚ್ಚರಿಕೆ. ಹಲಗಿಯವರು ಚರ್ಮ ಬಿಗಿಯಾಗಲೆಂದು ಅದನ್ನು ಬೆಂಕಿಗೆ ಕಾಯಿಸುತ್ತಾರಲ್ಲ, ಅದನ್ನು ನೋಡಿದ ನಮ್ಮ ಚಿಕ್ಕವನು ತನ್ನ ಕಾಗದದ ಹಲಗಿಯನ್ನೂ ಬೆಂಕಿಯ ಕಡೆ ಹಿಡಿಯಲು ಹೋದ. ಅಜ್ಜ ಪಕ್ಕದಲ್ಲಿದ್ದರು, ತಟ್ಟನೆ ಕಸಿದುಕೊಂಡರು.

ಇನ್ನು ಬಣ್ಣ. ಹುಣ್ಣಿಮೆಗೆ ವಾರವಿರುವಾಗ ಕಲಘಟಗಿ ರಸ್ತೆಯ ಕಡೆ ಹೊರಟೆವು. ಎಲೆ ಉದುರಿಸಿ ಬೋಳಾದ ಮರಗಳ ನಡುವೆ ಮುತ್ತಲ ಮಾತ್ರ ಕೆಂಡ ಸುರಿದ ಹಾಗೆ ಹೂಬಿಟ್ಟಿತ್ತು. ಕೆಲವು ಊರುಗಳಲ್ಲಿ ಇದನ್ನೇ ಮುತ್ತುಗ ಎನ್ನುತ್ತಾರೆ. ಊಟದ ಪತ್ರಾವಳಿ ಹಚ್ಚುವುದು ಇದೇ ಮರದ ಎಲೆಯಿಂದ. ಹೂವು ಬಾಗಿ, ಗಿಳಿಯ ಕೊಕ್ಕಿನಂತೆ ಕಾಣುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಕಿಂಶುಕ ಎಂಬ ಹೆಸರು. ‘ಇದೇನು ಗಿಳಿಯೇ?’ ಎಂಬ ಅರ್ಥ ಅದಕ್ಕಿದೆ. ಕಾಮಣ್ಣ ಅಂದರೆ ಮನ್ಮಥ, ಅವನ ವಾಹನವೂ ಗಿಳಿಯೇ ಎಂದಾಗ ಮೊಮ್ಮಗಳು ಹೂವನ್ನು ಬೆರಳ ತುದಿಗೆ ಸಿಕ್ಕಿಸಿಕೊಂಡು ಗಿಳಿ ಮಾಡಿ ಮಾತಾಡಿಸತೊಡಗಿದಳು.

ಕೊಂಬೆಗೆ ಕೈ ಹಾಕಬಾರದು ಎಂದು ಮೊದಲೇ ಕರಾರು ಮಾಡಿಕೊಂಡಿದ್ದೆವು. ಮರದ ಮೇಲಿನ ಹೂವು ಹಕ್ಕಿಗಳ ಪಾಲು, ಗೊರವಂಕಗಳು ಮಕರಂದಕ್ಕೆ ಕಿತ್ತಾಡುತ್ತಿದ್ದವು. ನೆಲಕ್ಕೆ ಬಿದ್ದದ್ದಷ್ಟೇ ನಮ್ಮದು. ಅಷ್ಟರಲ್ಲೇ ಎರಡು ಚೀಲ ತುಂಬಿತು.

ಹೂವಿನಿಂದ ಬಣ್ಣ ತೆಗೆಯುವುದು ಚಹಾ ಮಾಡಿದಷ್ಟೇ ಸುಲಭ. ನಾಲ್ಕು ಬೊಗಸೆ ಹೂವಿಗೆ ಎರಡು ಲೀಟರ್ ನೀರು ಹಾಕಿ ಅರ್ಧ ತಾಸು ಸಣ್ಣ ಉರಿಯಲ್ಲಿ ಕುದಿಸಿ, ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದರೆ ಕಿತ್ತಳೆ ಬಣ್ಣದ ನೀರು ಸಿದ್ಧ. ಕುದಿಸುವುದು, ಇಳಿಸುವುದು ದೊಡ್ಡವರ ಕೆಲಸ. ಸೋಸುವುದು ಮಕ್ಕಳದು. ಈ ನೀರು ಬಹಳ ದಿನ ಉಳಿಯುವುದಿಲ್ಲ, ಹುಳಿ ವಾಸನೆ ಬರುತ್ತದೆ. ಆದ್ದರಿಂದ ಹೂವನ್ನು ನೆರಳಲ್ಲಿ ಒಣಗಿಸಿಟ್ಟುಕೊಂಡು ಬಣ್ಣದ ಹಿಂದಿನ ದಿನ ಕುದಿಸಿದೆವು.

ಹಳದಿಗೆ ಒಂದು ಪಾಲು ಅರಿಶಿನ, ಎರಡು ಪಾಲು ಕಡಲೆ ಹಿಟ್ಟು. ಗುಲಾಬಿಗೆ ಬೀಟ್‌ರೂಟ್ ತುರಿದು ಹಿಂಡಿ, ಆ ರಸವನ್ನು ಅಕ್ಕಿ ಹಿಟ್ಟಿಗೆ ಕಲಸಿ, ನೆರಳಲ್ಲಿ ಒಣಗಿಸಿ, ಕೈಯಿಂದ ಉಜ್ಜಿ ಪುಡಿ ಮಾಡಿದೆವು. ಬಿಸಿಲಿಗಿಟ್ಟರೆ ಬಣ್ಣ ಹಾರುತ್ತದೆ. ಹಸಿರಿನಲ್ಲಿ ಮಾತ್ರ ನಾವು ಸೋತೆವು. ಪಾಲಕ್ ಸೊಪ್ಪಿನ ರಸದಲ್ಲಿ ಕಲಸಿದ ಹಿಟ್ಟು ಒಣಗಿದ ಮೇಲೆ ಪೊಲೀಸರ ಸಮವಸ್ತ್ರದ ಬಣ್ಣಕ್ಕೆ ತಿರುಗಿತು. ಯಾರಿಗಾದರೂ ಒಳ್ಳೆಯ ಉಪಾಯ ಗೊತ್ತಿದ್ದರೆ ನನಗೂ ತಿಳಿಸಿ.

ಮನೆಯದೆಂದು ಕಣ್ಣಿಗೆ ಎರಚಬಾರದು. ಅರಿಶಿನವೂ ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ತುರಿಕೆ ಬಂದೀತೇ ಎಂದು ನೋಡಿ. ಹಿಂದೆ ಅರಿಶಿನದ ನೀರಿಗೆ ಸುಣ್ಣ ಸೇರಿಸಿ ಕೆಂಪು ಓಕುಳಿ ಮಾಡುತ್ತಿದ್ದರು. ಮಕ್ಕಳ ಕೈಗೆ ಸುಣ್ಣ ಬೇಡ.

ಆದರೆ ಆ ಕೆಂಪಿನ ಗುಟ್ಟು ಮಕ್ಕಳಿಗೆ ತಿಳಿಯಬೇಕಲ್ಲ? ಅದಕ್ಕೊಂದು ಆಟ. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ. ಬಟ್ಟೆಯ ಸಾಬೂನು ಕದಡಿದ ನೀರಿನಲ್ಲಿ, ಹತ್ತಿ ಸುತ್ತಿದ ಕಡ್ಡಿ ಅದ್ದಿ ಹಾಳೆಯ ಮೇಲೆ ಬರೆಯಿರಿ. ಹಳದಿಯ ಮೇಲೆ ಕೆಂಪು ಗೆರೆ ಏಳುತ್ತದೆ! ಅದರ ಮೇಲೆ ಲಿಂಬೆ ರಸ ಸವರಿದರೆ ಮತ್ತೆ ಹಳದಿ. ಅರಿಶಿನಕ್ಕೆ ಸುಣ್ಣ, ಸಾಬೂನಿನಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಮರಳಿ ಹಳದಿಯಾಗುತ್ತದೆ. ಮೊಮ್ಮಗಳು ಇಂಥ ಹಾಳೆಗಳಲ್ಲಿ ಹನ್ನೆರಡು ಗೆಳತಿಯರಿಗೆ ಶುಭಾಶಯ ಪತ್ರ ಬರೆದಳು. ಅದರ ಕೆಳಗೆ ತಾನಾಗಿಯೇ ಒಂದು ಸಾಲು ಸೇರಿಸಿದ್ದಳು: ನಮ್ಮ ಮನೆಗೆ ಬಂದರೆ ನಮ್ಮ ಬಣ್ಣವನ್ನೇ ಆಡಬೇಕು. ಅಲ್ಲಿಗೆ ಅವಳು ಆಡುವವಳೇ ಎಂದು ನನಗೆ ಗೊತ್ತಾಯಿತು. ನಾನೇನೂ ಮಾತಾಡಲಿಲ್ಲ.

ಕಾಮಣ್ಣನನ್ನೂ ಮಕ್ಕಳೇ ಮಾಡಿದರು. ಒಳಗೆ ಹುಲ್ಲು, ಮೇಲೆ ಹಳೆಯ ಪತ್ರಿಕೆ, ಸುತ್ತಲು ನಾರಿನ ಹುರಿ. ಸುಡುವ ಗೊಂಬೆಯಾದ್ದರಿಂದ ಪ್ಲಾಸ್ಟಿಕ್, ಥರ್ಮಾಕೋಲ್ ಬೇಡವೇ ಬೇಡ. ಮನ್ಮಥನದು ಕಬ್ಬಿನ ಬಿಲ್ಲು, ಹೂವಿನ ಬಾಣ. ಕಬ್ಬಿನ ತುಂಡು ಸಿಕ್ಕಿತು. ಐದು ಬಾಣಗಳು ತಾವರೆ, ಅಶೋಕ, ಮಾವಿನ ಹೂವು, ಮಲ್ಲಿಗೆ ಮತ್ತು ನೈದಿಲೆ. ಈ ದಿನಗಳಲ್ಲಿ ನಮ್ಮ ಹಿತ್ತಲಲ್ಲಿ ಸಿಗುವುದು ಮಾವಿನ ಹೂವು ಮತ್ತು ಮಲ್ಲಿಗೆ, ಉಳಿದ ಮೂರನ್ನು ಕಾಗದದಲ್ಲಿ ಕತ್ತರಿಸಿದರು. ಶಿವನ ಹಣೆಗಣ್ಣಿನ ಉರಿಗೆ ಕಾಮ ಬೂದಿಯಾದದ್ದನ್ನು ಅಜ್ಜ ಕತೆಯಾಗಿ ಹೇಳಿದರು. ರತಿಯ ಅಳು ಬಂದಾಗ ಚಿಕ್ಕವನು, ‘ಹಂಗಾದ್ರ ನಾವು ಮಾಡಿದ ಕಾಮಣ್ಣನ್ನ ಸುಡೂದು ಬ್ಯಾಡ’ ಎಂದ. ಅವನನ್ನು ಒಪ್ಪಿಸಲು ಸಾಕುಬೇಕಾಯಿತು. ಕೊನೆಗೆ ಕಬ್ಬಿನ ಬಿಲ್ಲನ್ನು ಅವನು ಇಟ್ಟುಕೊಳ್ಳುವುದು ಎಂದು ರಾಜಿಯಾಯಿತು. ರಾತ್ರಿ ಬೆಂಕಿಯ ಸುತ್ತ ಎಲ್ಲರೂ ಬಾಯಿ ಬಡಿದುಕೊಂಡು ಕೂಗುವಾಗ ಅವನು ಮೂಲೆಯಲ್ಲಿ ಕುಳಿತು ಬಿಲ್ಲನ್ನು ತಿನ್ನುತ್ತಿದ್ದ.

ಧಾರವಾಡದಲ್ಲಿ ಬಣ್ಣ ಹುಣ್ಣಿಮೆಯ ಮರುದಿನ. ಇಲ್ಲೇ ಇಪ್ಪತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಯವರು ರಂಗಪಂಚಮಿಯವರೆಗೆ ಕಾಯುತ್ತಾರೆ. ಬಾಗಲಕೋಟೆಯಲ್ಲಂತೂ ದಿನಗಟ್ಟಲೆ, ಬಂಡಿಗಳಲ್ಲಿ ಬ್ಯಾರಲ್ ಇಟ್ಟುಕೊಂಡು ಆಡುತ್ತಾರೆ. ನಮ್ಮ ಬಾಗಿಲಲ್ಲಿ ಇದ್ದದ್ದು ಎರಡು ಬಕೆಟ್ ಮುತ್ತಲ ನೀರು. ಮೊದಲು ಬಂದ ಹುಡುಗ ಇಣುಕಿ, ‘ಇದೇನು, ಚಹಾ?’ ಎಂದು ನಕ್ಕ. ಮೊಮ್ಮಗಳ ಮುಖ ಸಣ್ಣದಾಯಿತು. ಒಂದು ಕ್ಷಣ ಒಳಗೆ ಹೋಗಿಬಿಡುತ್ತಾಳೇನೋ ಅನಿಸಿತು. ಇಲ್ಲ, ತಂಬಿಗೆ ತುಂಬಿ ಅವನ ತಲೆಯ ಮೇಲೆ ಸುರಿದಳು. ಬಿಳಿ ಅಂಗಿಯ ಮೇಲೆ ಕಿತ್ತಳೆ ಬಣ್ಣ ಹರಡಿದ್ದನ್ನು ನೋಡಿ ಅವನು ತನ್ನ ಜೇಬಿನ ಪೊಟ್ಟಣವನ್ನು ನಮ್ಮ ಕಟ್ಟೆಯ ಮೇಲಿಟ್ಟು, ‘ನನಗೂ ಒಂದ್ ತಂಬಿಗಿ ಕೊಡು’ ಎಂದ. ಎಲ್ಲರೂ ಹಾಗೆ ಇಡಲಿಲ್ಲ. ಇಬ್ಬರು ನಮ್ಮ ಬಣ್ಣ ಸಪ್ಪೆ ಎಂದು ಪಕ್ಕದ ಓಣಿಗೆ ಹೋದರು. ಬಕೆಟ್ ಎರಡೂ ಹತ್ತು ಗಂಟೆಗೇ ಖಾಲಿಯಾದವು.

ಸಂಜೆ ಸೊಸೆ ಚಿಕ್ಕವನ ಹಳದಿ ಬಳಿದ ಅಂಗಿಗೆ ಸಾಬೂನು ಹಚ್ಚಿದವಳೇ, ‘ಅಯ್ಯೋ, ರಕ್ತ!’ ಎಂದು ಕೂಗಿದಳು. ಮೊಮ್ಮಗಳು ಬಚ್ಚಲಿಗೆ ಓಡಿದಳು. ‘ಅವ್ವಾ, ರಕ್ತ ಅಲ್ಲ, ಅರಿಶಿಣ! ತಡಿ, ಲಿಂಬಿಹಣ್ಣು ತರತೀನಿ.’

ಆ ಅಂಗಿ ಮೂರು ದಿನ ಬಿಸಿಲಲ್ಲಿ ತೂಗಾಡಿತು. ಕೊರಳಪಟ್ಟಿಯಲ್ಲಿ ಒಂದು ತಿಳಿ ಹಳದಿ ಕಲೆ ಇನ್ನೂ ಇದೆ. ಈ ವರ್ಷ ಮುತ್ತಲ ಆಗಲೇ ಹೂಬಿಟ್ಟಿದೆಯಂತೆ. ಭಾನುವಾರ ಹೊರಡೋಣವೇ ಎಂದು ಇಬ್ಬರೂ ದಿನಕ್ಕೆರಡು ಸಲ ಕೇಳುತ್ತಿದ್ದಾರೆ. ಜರಡಿ ಮಾತ್ರ ಹೊಸದೊಂದು ಹುಡುಕಬೇಕು.